ಕುಲಾವಿಯೊಳಗಿನ ಗಂಟು

ನನಗೆ ಹೇಸಿಗೆ ಬಹಳ ಬೇಗ ಬರುತ್ತದೆ. ಹೋಟೆಲಿನ ಲೋಟದ ಅಂಚು, ಬಸ್ಸಿನ ಕಿಟಕಿಯಿಂದ ಇಳಿದು ಒಣಗಿದ ಗುಟ್ಕಾದ ಗೆರೆ, ಎಣ್ಣೆತಲೆಗಳು ಒರಗಿ ಒರಗಿ ಕಪ್ಪಾದ ಸೀಟು, ಬೆರಳಿಗೆ ಎಂಜಲು ಹಚ್ಚಿಕೊಂಡು ಫೈಲಿನ ಹಾಳೆ ತಿರುವುವ ನಮ್ಮ ಆಫೀಸಿನ ಹಿರಿಯರು, ಯಾವುದನ್ನು ಕಂಡರೂ ದೂರ ಸರಿಯುತ್ತೇನೆ. ಬೆಟಗೇರಿಯಲ್ಲಿ ಮನೆ, ಶಿರಹಟ್ಟಿಯಲ್ಲಿ ನೌಕರಿ. ದಿನಾ ಬಸ್ಸು ಹತ್ತಿ ಇಳಿಯುವವಳಿಗೆ ಇಂಥ ಸ್ವಭಾವ ಇರಬಾರದು. ಆದರೆ ಇದೆ. "ಈಕಿ ಹುಟ್ಟಿದಾಗ ತೊಟ್ಟಿಲ ಹೊಲಸೈತಿ ಅಂತ ಅತ್ತಿದ್ಲು" ಎಂದು ಅವ್ವ ಬಂದವರ ಮುಂದೆಲ್ಲ ನಗುತ್ತಾಳೆ. ನನಗೆ ಮಾತ್ರ ಅದೊಂದು ದೊಡ್ಡಸ್ತಿಕೆ ಅನ್ನಿಸುತ್ತಿತ್ತು. ಉಳಿದವರೆಲ್ಲ ಹೊಲಸಿನಲ್ಲಿದ್ದಾರೆ, ನಾನೊಬ್ಬಳು ಸ್ವಚ್ಛ ಎಂಬ ಭಾವನೆ.

ನನ್ನ ತಮ್ಮನಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವನ ಹೆಂಡತಿ ಬಸುರಾದಳು. ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಕುಲಾವಿ ತರಬೇಕು. ಕುಲಾವಿ ಎಂದರೆ ಕಿವಿ, ಕತ್ತು ಮುಚ್ಚುವಂಥ ಕೂಸಿನ ಟೊಪ್ಪಿಗೆ; ಗದ್ದದ ಕೆಳಗೆ ಲಾಡಿ ಕಟ್ಟುತ್ತಾರೆ. ಅದನ್ನು ತೊಡಿಸಿ, ಕಿವಿಯಲ್ಲಿ ಹೆಸರು ಉಸುರುವವಳೂ ಅತ್ತೆಯೇ. ಅವಳು ಹೆಸರಿಡಲು ಬಗ್ಗಿದಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಮದುವೆಯಾಗದೆ ನಲವತ್ತೆಂಟಾದ ನನ್ನ ಪಾಲಿಗೆ ಬರಬಹುದಾಗಿದ್ದ ಒಂದೇ ಒಂದು ಮರ್ಯಾದೆ ಅದು. ಅಂಗಡಿಯ ಕುಲಾವಿ ಒಯ್ಯಲು ಮನಸ್ಸಾಗಲಿಲ್ಲ. ಮುಂಡರಗಿಯ ಬೀಗರು ವ್ಯಾಪಾರಸ್ಥರು, ಕಾಳಿನ ದೊಡ್ಡ ಅಂಗಡಿಯವರು. ಅವರ ಮುಂದೆ ಕೈಯಿಂದ ಮಾಡಿದ್ದನ್ನೇ ಒಯ್ದು, ಇದು ನಾನು ಹೆಣೆದದ್ದು ಎನ್ನಬೇಕೆಂದು ಹಟ ಹಿಡಿದೆ.

ಹಟ ಹಿಡಿಯುವುದಷ್ಟೇ ನನಗೆ ಬರುತ್ತಿತ್ತು. ಅದಕ್ಕೆ ಮೊದಲು ವೈರಿನ ಬುಟ್ಟಿ ಶುರು ಮಾಡಿದ್ದೆ. ಅದು ತಳದಲ್ಲೇ ನಿಂತಿತ್ತು. ಮಣಿಗಳ ತೋರಣ ಒಂದು ಗಿಳಿ ಮುಗಿದು ಎರಡನೆಯದರ ಕೊಕ್ಕಿಗೆ ಬಂದು ಸುಸ್ತಾಗಿತ್ತು. ಈಗ ಫೋನಿನಲ್ಲಿ ವಿಡಿಯೋ ನೋಡುತ್ತ ಕ್ರೋಶಾ ಸೂಜಿ ಹಿಡಿದೆ. ಉಗುರಿಗೆ ಬಣ್ಣ ಹಚ್ಚಿದ ಯಾರದೋ ಬೆರಳುಗಳು ಪಟಪಟನೆ ಹೆಣೆಯುತ್ತಿದ್ದವು, ನನ್ನವು ಬೆವರುತ್ತಿದ್ದವು. ಟೀಪಾಯಿಗೆಂದು ಹೆಣೆದ ದುಂಡನೆಯ ಹಾಸು ಅಂಚಿನಲ್ಲಿ ಮುದುಡಿ ಬಟ್ಟಲಾಯಿತು. ಬೆವರಿಗೆ ಬಿಳಿ ದಾರ ನೆಲ ಒರೆಸುವ ಅರಿವೆಯ ಬಣ್ಣಕ್ಕೆ ತಿರುಗಿತು, ಅದರೊಳಗೆ ನನ್ನದೇ ತಲೆಯ ಎರಡು ಕೂದಲು ಸೇರಿ ಹೆಣೆದುಕೊಂಡಿದ್ದವು. ಮುಟ್ಟಲು ನನಗೇ ಅಸಹ್ಯವಾಯಿತು. ಸೂಜಿ ಸರಿಯಿಲ್ಲ ಎಂದು ಸೂಜಿಯನ್ನು ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು.

ಅವ್ವ ನನ್ನನ್ನು ಹಿಂದಿನ ಓಣಿಯಲ್ಲಿ ಎಲ್ಲರೂ ಆಯಿ ಎನ್ನುವ ಅಜ್ಜಿಯ ಹತ್ತಿರ ಕರೆದೊಯ್ದಳು. ಎಪ್ಪತ್ತು ದಾಟಿದ ಹೆಂಗಸು. ಗಂಡ ಇರುವತನಕ ಮನೆಯಲ್ಲಿ ಸೀರೆ ನೇಯುವ ಮಗ್ಗವಿತ್ತು. ಈಗ ಮಗ್ಗದ ಗುಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ಮಂಚ ಹಾಕಿಕೊಂಡಿದ್ದಾಳೆ. ಕುಲಾವಿ ಹೆಣೆದು ಕೊಟ್ಟು ಕೈಖರ್ಚು ನಡೆಸುತ್ತಾಳೆ. ಕಲಿಸಿದ್ದಕ್ಕೆ ಏನು ಕೊಡಲಿ ಎಂದು ಕೇಳಿದೆ.

"ನೀ ಏನೂ ಕೊಡಬ್ಯಾಡ. ತೊಟ್ಟಿಲಕ್ಕ ನನ್ನೂ ಕರಕೊಂಡ ಹೋಗು" ಎಂದಳು. "ಇಷ್ಟ ವರ್ಷ ಹೆಣದ ಹೆಣದ ಕೊಟ್ಟೀನಿ, ಒಬ್ಬರೂ ಕರೀಲಿಲ್ಲ. ಕೂಸಿನ ತಲಿ ಮ್ಯಾಲೆ ಕುಲಾವಿ ಹೆಂಗ ಕುಂಡ್ರತೈತಿ ಅಂತ ಒಮ್ಮೆ ನೋಡಬೇಕು."

ಆಗಲಿ ಎಂದೆ. ದಿನಾ ಸಂಜೆ ಬಸ್ಸಿಳಿದು ಸೀದಾ ಅವಳ ಮನೆಗೆ ಹೋಗತೊಡಗಿದೆ. "ಲೇ ತಂಗಿ, ಅದು ಸೂಜಿ, ಕುಡಗೋಲ ಅಲ್ಲ, ಹಗೂರ ಹಿಡಿ" ಎಂದು ಬೈಯುತ್ತಲೇ ಸರಪಳಿ ಹೆಣಿಗೆ ಹಾಕಿಸಿದಳು, ಅದರ ಮೇಲೆ ಕಂಬದ ಹೆಣಿಗೆ ಏರಿಸಿದಳು. ಇಬ್ಬರೂ ನಗುತ್ತಿದ್ದೆವು. ಅವಳ ಬೈಗುಳ ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಕೈ ಸ್ವಲ್ಪ ಕೂತ ಮೇಲೆ ಆಯಿ ಹೊಸ ದಾರ ಬೇಡವೆಂದಳು. ಹಸಿ ಕೂಸಿಗೆ ಮೊದಲು ಹೊಸದು ಹಾಕಬಾರದು, ಮನೆಯಲ್ಲಿ ತುಂಬ ವರ್ಷ ಬಾಳಿದ ಹಿರಿಯರದು ಇದ್ದರೆ ತಾ, ಆಯುಷ್ಯ ಹೆಚ್ಚುತ್ತದೆ ಎಂದಳು. ತೊಂಬತ್ತು ದಾಟಿ ತೀರಿಕೊಂಡ ನಮ್ಮ ಅಜ್ಜನ ಉಣ್ಣೆಯ ಸ್ವೆಟರ್ ಟ್ರಂಕಿನಲ್ಲಿತ್ತು. ಅಲ್ಲಲ್ಲಿ ನುಸಿ ತಿಂದಿದ್ದ, ನಶ್ಯದ ಘಾಟು ಇನ್ನೂ ಹೋಗಿರದ ಸ್ವೆಟರ್. ಬೆರಳ ತುದಿಯಲ್ಲಿ ಎತ್ತಿ, ಮೂರು ಸಲ ತಣ್ಣೀರಿನಲ್ಲಿ ತೊಳೆದು ಒಯ್ದೆ. ಬಿಚ್ಚಿದರೆ ಎಳೆ ಉದ್ದಕ್ಕೆ ಬರಲೇ ಇಲ್ಲ. ನುಸಿ ತಿಂದಲ್ಲೆಲ್ಲ ಕಡಿದು ತುಂಡು ತುಂಡಾಯಿತು. ಗಂಟು ಹಾಕಿ ಕೂಡಿಸೋಣವೇ ಎಂದೆ.

"ಗಂಟ ಹಾಕಬ್ಯಾಡ. ಕೂಸಿನ ನೆತ್ತಿ ಇನ್ನೂ ಕೂಡಿರೂದಿಲ್ಲ. ಗಂಟ ಒತ್ತತೈತಿ" ಎಂದಳು ಆಯಿ. ಹಾಗೆಂದು ಎರಡು ತುಂಡಿನ ತುದಿಗಳನ್ನು ಬಿಡಿಸಿ ಒಂದರ ಮೇಲೊಂದು ಇಟ್ಟಳು. ಅಂಗೈಗೆ ಉಗುಳಿಕೊಂಡಳು. ಎರಡೂ ಅಂಗೈ ಸೇರಿಸಿ ಬತ್ತಿ ಹೊಸೆಯುವಂತೆ ತಿಕ್ಕಿದಳು. ತೆರೆದು ತೋರಿಸಿದಾಗ ಎರಡು ಎಳೆ ಒಂದಾಗಿದ್ದವು. ಎಲ್ಲಿ ಕೂಡಿಸಿದ್ದೆಂದು ಹುಡುಕಿದರೂ ಸಿಗಲಿಲ್ಲ.

ಎಂಥ ಕಸುಬು ಅದು ಎಂದು ಇವತ್ತು ಹೇಳುತ್ತೇನೆ. ಅವತ್ತು ನಾನು ನೋಡಿದ್ದು ಉಗುಳನ್ನು ಮಾತ್ರ. ಎಲೆ ಅಡಿಕೆ ಹಾಕುವ ಬಾಯಿ, ಆ ಕೆಂಪು ನೀರು, ನನ್ನ ತಮ್ಮನ ಕೂಸಿನ ತಲೆ. ನೀನೂ ಅಂಗೈಗೆ ಉಗುಳಿಕೋ ಎಂದು ಆಯಿ ಅಂದಾಗ ನೆಗಡಿ ಎಂದು ಸುಳ್ಳು ಹೇಳಿದೆ. ಅವಳೇ ಕೂಡಿಸಿ ಕೊಡುತ್ತ ಹೋದಳು, ನಾನು ಆ ಜಾಗ ಬೆರಳಿಗೆ ತಾಗದಂತೆ ಹೆಣೆಯುತ್ತ ಹೋದೆ. ಮನೆಗೆ ಬಂದು ಸಾಬೂನಿನಿಂದ ಮೊಳಕೈವರೆಗೆ ತೊಳೆದುಕೊಂಡೆ.

ಮರುದಿನದಿಂದ ನಾನು ಮಾಡಿದ್ದು ಇಷ್ಟು. ಆಯಿಯ ಮನೆಯಲ್ಲಿ ಹೆಣೆದದ್ದನ್ನು ನಮ್ಮ ಮನೆಗೆ ತಂದು ಬಿಚ್ಚುತ್ತಿದ್ದೆ. ಅವಳು ಕೂಡಿಸಿದ್ದು ಯಾವ ಸಾಲಿನ ಎಷ್ಟನೆಯ ಹೆಣಿಗೆಗೆ ಬಂತೆಂದು ಅಲ್ಲೇ ಎಣಿಸಿ ನೆನಪಿಟ್ಟುಕೊಂಡು, ಆ ಜಾಗದಲ್ಲಿ ಕತ್ತರಿಸಿ, ಗಂಟು ಹಾಕಿ, ಮತ್ತೆ ಹೆಣೆಯುತ್ತಿದ್ದೆ. ಗಂಟುಗಳನ್ನೆಲ್ಲ ಒಳಮೈಗೆ ತಳ್ಳಿದೆ. ಹನ್ನೊಂದು ಗಂಟು. ಒಂದೇ ಕುಲಾವಿಯನ್ನು ಎರಡೆರಡು ಸಲ ಹೆಣೆದದ್ದಕ್ಕೆ ನನ್ನ ಕೈ ಚೆನ್ನಾಗಿ ಪಳಗಿತು. "ಬೆರಕಿ ಇದ್ದಿ ನೀ, ಜಲ್ದಿ ಕಲತಿ" ಎಂದು ಆಯಿ ಹೊಗಳಿದಳು. ಮುಗಿದ ಕುಲಾವಿಯನ್ನು ನನ್ನ ಮುಷ್ಟಿಯ ಮೇಲೆ ಏರಿಸಿ ಹೊರಗಿನಿಂದಷ್ಟೇ ತೋರಿಸಿದೆ. ಅವಳು ಕೈಗೆ ಕೊಡೆಂದು ಕೇಳಲಿಲ್ಲ. ನಂಬಿದ್ದಳು.

ಇಷ್ಟು ಸಾಲದೆಂದು, ನಡುವೆ ನಾದಿನಿಯೊಂದಿಗೆ, ಅಂದರೆ ತಮ್ಮನ ಹೆಂಡತಿಯೊಂದಿಗೆ, ಫೋನಿನಲ್ಲಿ ಈ ಉಗುಳಿನ ಪ್ರಸಂಗವನ್ನು ರಸವತ್ತಾಗಿ ಹೇಳಿ ನಗಿಸಿದ್ದೆ. ಆಯಿ ಉಗುಳುವ ಸದ್ದನ್ನೂ ಮಾಡಿ ತೋರಿಸಿದ್ದೆ.

ಗಂಡು ಕೂಸು ಹುಟ್ಟಿತು. ತೊಟ್ಟಿಲ ದಿನ ಲಕ್ಷ್ಮೇಶ್ವರದಲ್ಲಿರುವ ನನ್ನ ತಮ್ಮ ಬಾಡಿಗೆಗೆ ಕ್ರೂಸರ್ ಗಾಡಿ ಮಾಡಿಕೊಂಡು ಬಂದ. ಅವ್ವ, ನಾನು, ಆಯಿ ಹತ್ತಿ ಮುಂಡರಗಿಗೆ ಹೋದೆವು. ಆಯಿ ಟ್ರಂಕಿನೊಳಗಿನ ಇಳಕಲ್ ಸೀರೆ ತೆಗೆದು ಉಟ್ಟಿದ್ದಳು. ಎಲೆ ಅಡಿಕೆ ಹಾಕಿರಲಿಲ್ಲ, ಬಾಯಿ ಮುಕ್ಕಳಿಸಿ ಲವಂಗ ಇಟ್ಟುಕೊಂಡಿದ್ದಳು. ಬೀಗರ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ತೊಟ್ಟಿಲನ್ನೇ ನೋಡುತ್ತಿದ್ದಳು.

ನಾನು ಕುಲಾವಿ ತೊಡಿಸಿ ಲಾಡಿ ಬಿಗಿದೆ. ಎಲ್ಲರೂ ಚಂದ ಅಂದರು. ಹೆಸರು ಉಸುರಲು ಬಗ್ಗಿದೆ, ಬೆನ್ನಿಗೆ ಗುದ್ದುಗಳು ಬಿದ್ದವು, ನಕ್ಕೆವು. ಅಷ್ಟರಲ್ಲಿ ಕೂಸು ಅಳಲು ಶುರುಮಾಡಿತು. ತೂಗಿದರು, ಹಾಲು ಕುಡಿಸಿದರು, ಹೊಟ್ಟೆಗೆ ಎಣ್ಣೆ ತಿಕ್ಕಿದರು. ದೃಷ್ಟಿ ಎಂದು ಉಪ್ಪು ಮೆಣಸಿನಕಾಯಿ ಇಳಿಸಿದರು. ಮಲಗಿಸಿದಾಗ ಹೆಚ್ಚು ಅಳುತ್ತಿತ್ತು, ಎತ್ತಿದರೆ ಸ್ವಲ್ಪ ಕಡಿಮೆ. ಮುಖ ಕೆಂಪಗಾಗಿ ಉಸಿರು ಕಟ್ಟುವಷ್ಟು ಅತ್ತಿತು. ನನಗೆ ಗಂಟುಗಳ ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಗಿತ್ತು. ಅಷ್ಟು ಜನರ ಮುಂದೆ ನಾನು ಹೆಣೆದ ಕುಲಾವಿಯನ್ನು ನಾನೇ ತೆಗೆಯುವುದು ಹೇಗೆಂದು ಸುಮ್ಮನಿದ್ದೆ.

ಗೋಡೆಯ ಹತ್ತಿರ ಕೂತಿದ್ದ ಆಯಿ ಎದ್ದು ಬಂದು ಲಾಡಿ ಬಿಚ್ಚಿದಳು. ಕೂಸಿನ ಮೆತ್ತನೆಯ ತಲೆಯ ಮೇಲೆ ಸಾಲಾಗಿ ಕೆಂಪು ಕಲೆಗಳು, ಹೆಬ್ಬೆರಳಿನಿಂದ ಒತ್ತಿದ ಹಾಗೆ. ಆಯಿ ಕುಲಾವಿಯ ಒಳಮೈಗೆ ಬೆರಳು ಆಡಿಸಿದಳು. ಒಂದು ಗಂಟಿನ ಮೇಲೆ ಬೆರಳು ನಿಂತಿತು, ಇನ್ನೊಂದರ ಮೇಲೆ ನಿಂತಿತು. ನನ್ನ ಕಡೆ ನೋಡಿದಳು. ಯಾರಿಗೂ ಕಾಣದಂತೆ ಕುಲಾವಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ಏನ ಹತ್ತೇತಿ ಕೂಸಿಗೆ?" ಎಂದು ಬೀಗತಿ ಕೇಳಿದರು.

ಬಾಣಂತಿ ನಾದಿನಿ ಕೂತಲ್ಲಿಂದಲೇ ಹೇಳಿದಳು: "ಅಕ್ಕಾರ ಹೇಳಿದ್ರಲ್ಲ, ಈ ಆಯಿ ಎಂಜಲ ಹಚ್ಚಿ ಎಳಿ ಕೂಡಸ್ತಾರಂತ. ಅದ ಹತ್ತಿರಬೇಕು."

"ಎಂಜಲಾ? ಹಸಿ ಕೂಸಿಗೆ?" ಬೀಗತಿ ಕೂಸನ್ನು ಆಯಿಯ ಕಡೆಯಿಂದ ಸರಕ್ಕನೆ ಎಳೆದುಕೊಂಡರು.

ಪಡಸಾಲೆಯ ಹೆಂಗಸರೆಲ್ಲ ಆಯಿಯನ್ನು ನೋಡಿದರು. ಆಯಿ ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಹೇಳುತ್ತೇನೆ ಎಂದು ಕಾದಿದ್ದಳು, ಅಷ್ಟೇ. ಆ ಕುಲಾವಿಯಲ್ಲಿ ಅವಳ ಉಗುಳಿನ ಒಂದು ಹನಿಯೂ ಇಲ್ಲ ಎಂದು ಭೂಮಿಯ ಮೇಲೆ ಬಲ್ಲವರು ನಾವಿಬ್ಬರೇ.

"ಹೌದ್ರಿ" ಎಂದೆ ನಾನು. "ನನಗೂ ಹೇಸಿಕಿನ ಬರ್ತಿತ್ತು. ಹಿರಿಯರಿಗೆ ಹೆಂಗ ಹೇಳೂದಂತ ಸುಮ್ಮನಿದ್ದೆ."

ಎಷ್ಟು ಸಲೀಸಾಗಿ ಬಂತು ಆ ಮಾತು. ತೊದಲಲೂ ಇಲ್ಲ.

ಆಯಿ ಕುಲಾವಿಯನ್ನು ತನ್ನ ಕೈಚೀಲದಲ್ಲಿ ಹಾಕಿಕೊಂಡು ಮತ್ತೆ ಗೋಡೆಯ ಹತ್ತಿರ ಹೋಗಿ ಕೂತಳು. ಒಳಗೆ ಬಿಸಿನೀರಿನಿಂದ ಕೂಸಿನ ತಲೆ ತೊಳೆದರು. ತೊಳೆಯುವ ಮೊದಲೇ ಅದರ ಅಳು ನಿಂತಿತ್ತು. ಊಟದ ಪಂಕ್ತಿಯಲ್ಲಿ ಆಯಿಯ ಎರಡೂ ಪಕ್ಕ ಖಾಲಿ ಉಳಿಯಿತು. ನಾನು ಬಡಿಸುವ ನೆವದಲ್ಲಿ ನಿಂತೇ ಇದ್ದೆ. ಅವಳು ಹೋಳಿಗೆಯನ್ನು ಚೂರು ಚೂರು ಮುರಿದು, ತುಟಿ ಮುಚ್ಚಿಕೊಂಡು ತಿಂದಳು. ವಾಪಸು ಬರುವಾಗ ಕ್ರೂಸರಿನಲ್ಲಿ ಅವ್ವ ಮತ್ತು ತಮ್ಮ ಈರುಳ್ಳಿಯ ಪೇಟೆಯ ಬಗ್ಗೆ ಮಾತಾಡಿದರು.

ಹೇಸಿಗೆ ಎಂದರೇನು ಎಂದು ನನಗೆ ತಿಳಿದದ್ದು ಆ ವಾರ. ಬಸ್ಸಿನ ಸೀಟು, ಗುಟ್ಕಾದ ಗೆರೆ, ಅವೆಲ್ಲ ಏನೂ ಅಲ್ಲ. ಇಳಿದು ಕೈ ತೊಳೆದರೆ ಹೋಗುತ್ತವೆ. ಹಲ್ಲುಜ್ಜುವಾಗ ಕನ್ನಡಿಯಲ್ಲಿ ನನ್ನ ಬಾಯಿ ಕಂಡರೆ ಸಾಕು, "ಹೌದ್ರಿ" ಎಂದ ಬಾಯಿ ಅದು, ನೊರೆ ಉಗುಳಿ ಮುಖ ತಿರುಗಿಸುತ್ತಿದ್ದೆ. ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ. ಗಾದೆ ಕೇಳಿದಾಗೆಲ್ಲ ಯಾರನ್ನೋ ನೆನೆದು ನಕ್ಕವಳು ನಾನು.

ನಾಲ್ಕನೆಯ ದಿನ ನಾದಿನಿಗೆ ಫೋನು ಮಾಡಿ ಗಂಟಿನ ವಿಷಯ ಹೇಳಿದೆ. "ಹೋಗ್ಲಿ ಬಿಡ್ರಿ ಅಕ್ಕಾರ, ಕೂಸು ಆರಾಮ ಐತಲ್ಲ" ಎಂದಳು. ಅವಳಿಗೆ ಅದು ಮುಗಿದ ಮಾತು. ಆದರೆ ಎಂಜಲಿನ ಸುದ್ದಿ ಅಷ್ಟರಲ್ಲಿ ಬೆಟಗೇರಿ ಮುಟ್ಟಿತ್ತು. ಆಯಿಗೆ ಕುಲಾವಿ ಹೇಳಿಟ್ಟಿದ್ದ ನಮ್ಮ ಓಣಿಯ ಇಬ್ಬರು ಹೆಂಗಸರು ಬೇಡವೆಂದು ಹೇಳಿ ಕಳಿಸಿದರು ಎಂದು ಅವ್ವ ಹೇಳಿದಳು. ದಿನಾ ಸಂಜೆ ಬಸ್ಸಿಳಿದು ಅವಳ ಓಣಿಯ ಬಾಯಿಗೆ ಹೋಗಿ ನಿಲ್ಲುತ್ತಿದ್ದೆ. ಹೋಗಿ ಏನು ಹೇಳುವುದೆಂದು ತಿಳಿಯದೆ ಸುತ್ತುಹಾಕಿ ಮನೆ ಸೇರುತ್ತಿದ್ದೆ.

ರವಿವಾರ ಮುಂಜಾನೆ ಅವಳೇ ಬಂದಳು. ಯಾವತ್ತೂ ಸೀದಾ ಅಡುಗೆಮನೆಗೆ ಬಂದು ಕೂರುವವಳು ಇವತ್ತು ಹೊಸ್ತಿಲ ಹೊರಗೆ ನಿಂತು ಒಂದು ಪ್ಲಾಸ್ಟಿಕ್ ಚೀಲ ಮುಂದೆ ಚಾಚಿದಳು.

"ಬ್ಯಾರೆ ಮಾಡೇನ್ರಿ. ಉಳಿದಿದ್ದ ನಿಮ್ಮ ಅಜ್ಜಾರ ಉಣ್ಣಿ. ಎಂಜಲ ಹಚ್ಚಿಲ್ರಿ. ಮ್ಯಾಲೆ ಕುದಿಯೋ ನೀರಾಗ ಹಾಕಿ ತಗದೇನಿ. ಕೂಸಿಗೆ ಹಾಕ್ರಿ."

ಐದು ತಿಂಗಳು ನನ್ನನ್ನು ಲೇ ತಂಗಿ ಎಂದು ಬೈದವಳ ಬಾಯಲ್ಲಿ ಈಗ ಮಾತಿಗೊಂದು 'ರಿ'. ಚೀಲ ಬಿಚ್ಚಿದೆ. ಒಳಗಿದ್ದ ಕುಲಾವಿ ಕುಗ್ಗಿ ನನ್ನ ಹಿಡಿಯಷ್ಟಾಗಿತ್ತು. ಮೆತ್ತಗಿರಬೇಕಾದ್ದು ಬೆಲ್ಲದ ಅಚ್ಚಿನ ಹಾಗೆ ಗಟ್ಟಿ. ಖರೆ ಉಣ್ಣೆಯನ್ನು ಕುದಿಸಿದರೆ ಹೀಗೇ ಆಗುತ್ತದೆ. ಅದು ನನಗೇ ಗೊತ್ತಿದ್ದ ಮೇಲೆ ಅವಳಿಗೆ ಗೊತ್ತಿರಲಿಲ್ಲವೇ. ಯಾವ ಕೂಸಿನ ತಲೆಗೂ ಅದು ಇಳಿಯುವಂತಿರಲಿಲ್ಲ. ಒಳಮೈಗೆ ಬೆರಳು ಆಡಿಸಿದೆ. ಒಂದೂ ಗಂಟಿರಲಿಲ್ಲ.

"ಆಯಿ, ಆ ಗಂಟ ನಾನ ಹಾಕಿದ್ದು" ಎಂದೆ. "ನೀವು ಕೂಡಿಸಿದ್ದೆಲ್ಲ ಕತ್ತರಿಸಿದ್ದೆ."

"ಗೊತ್ತೈತ್ರಿ. ಅವತ್ತ ಕೈಯಾಗ ಹಿಡದ ನೋಡಿದೆನಲ್ರಿ" ಎಂದಳು. "ಹೇಸಿಕಿ ಬಂದಿದ್ರ ಹೇಳಬೇಕಿತ್ರಿ. ನೀರ ಹಚ್ಚಿದ್ರೂ ಎಳಿ ಕೂಡತಾವು" ಎಂದು ಚಪ್ಪಲಿ ಮೆಟ್ಟಿದಳು.

ನಾನು ಓಡಿಹೋಗಿ ತಂಬಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ತಂದೆ. "ಒಳಗ ಬರ್ರಿ ಆಯಿ, ನೀರರೆ ಕುಡದ ಹೋಗ್ರಿ" ಎಂದು ಲೋಟ ಚಾಚಿದೆ.

ಆಯಿ ಲೋಟದ ಅಂಚನ್ನು ನೋಡಿದಳು.

"ಬ್ಯಾಡ್ರಿ" ಎಂದಳು. "ನನಗ ತುಟಿ ಹಚ್ಚದಂಗ ಎತ್ತಿ ಕುಡ್ಯಾಕ ಬರೂದಿಲ್ಲ."