ಪಿರಿಯಾಪಟ್ಟಣದ ಸಾಲು

ಹುಣಸೂರಿನ ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮಹಡಿಯಲ್ಲಿ ನಮ್ಮ ಇಂಟರ್ನೆಟ್ ಕಂಪನಿ ಇತ್ತು. ಎರಡು ಸಾವಿರದ ಆರೋ ಏಳೋ ಇರಬೇಕು. ಕೆಲಸಕ್ಕಿದ್ದವರು ಮೂವರೇ. ತಾರಸಿಯ ಮೇಲಿನ ಟವರಿನಿಂದ ಪಿರಿಯಾಪಟ್ಟಣಕ್ಕೂ ಕೆ.ಆರ್. ನಗರಕ್ಕೂ ಸಂಪರ್ಕ ಕೊಡುತ್ತಿದ್ದೆವು. ನಮ್ಮದು ಹೊಸ ಅಗ್ರಹಾರದ ಕಡೆಯ ಭತ್ತದ ಗದ್ದೆಯ ಮನೆ. ನಾನು ಮಾಡುವ ಕೆಲಸ ಎಂಥದ್ದೆಂದು ಅಪ್ಪನಿಗೆ ಕೊನೆಯವರೆಗೂ ಬಿಡಿಸಿ ಹೇಳಲಾಗಲಿಲ್ಲ.

ರೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದೊಂದು ಊರಿನ ಗಿರಾಕಿಗಳಿಗೆ ಒಂದೊಂದು ಗುಂಪು ಇಂಟರ್ನೆಟ್ ವಿಳಾಸ ಇರುತ್ತಿತ್ತು. ಈ ವಿಳಾಸಗಳು ನಮ್ಮಲ್ಲಿವೆ, ಇವಕ್ಕೆ ಬಂದದ್ದನ್ನು ಇತ್ತ ಕಳಿಸಿ ಎಂದು ನಮ್ಮ ರೂಟರ್ ಮೈಸೂರಿನ ದೊಡ್ಡ ರೂಟರಿಗೆ ಸಾರುತ್ತಲೇ ಇರಬೇಕು. ಹಾಗೆ ಸಾರುವುದಕ್ಕೆ ಒಂದು ಪಟ್ಟಿ, ಅದರಲ್ಲಿ ಊರಿಗೊಂದು ಸಾಲು. ಯಾವ ಊರಿನ ಸಾಲು ಬಿಟ್ಟುಹೋದರೂ ಆ ಊರಿನವರು ಕಳಿಸಿದ್ದು ಹೊರಗೇನೋ ಹೋಗುತ್ತದೆ, ಉತ್ತರ ಮಾತ್ರ ಅವರಿಗೆ ಬಂದು ಮುಟ್ಟುವುದಿಲ್ಲ.

ಪಿರಿಯಾಪಟ್ಟಣದ ಸಾಲಿನಲ್ಲಿ ಬೈಲಕುಪ್ಪೆಯ ಒಂದು ಸೈಬರ್ ಸೆಂಟರೂ ಸೇರಿತ್ತು. ನಡೆಸುತ್ತಿದ್ದವರು ಟಿಬೆಟಿನ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವರು. ಎಂಟನೆಯ ವಯಸ್ಸಿಗೆ ಸೋದರಮಾವನ ಜೊತೆ ಹಿಮದ ದಾರಿಯಲ್ಲಿ ನಡೆದು ಬಂದವರಂತೆ. ತಾಯಿ ಅಲ್ಲೇ ಉಳಿದಿದ್ದರು. ಪಕ್ಕದ ಹಳ್ಳಿಯ ಹೆಂಗಸರ ಜೊತೆ ಜೋಳ ಮುರಿಯುತ್ತಾ ಬೆಳೆದದ್ದರಿಂದ ಅವರ ಕನ್ನಡ ನಮ್ಮೂರಿನ ಕನ್ನಡವೇ ಆಗಿತ್ತು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮ ಎನ್ನುತ್ತಿದ್ದರು.

ಆ ವರ್ಷ ಅವರ ತಾಯಿಗೆ ನೇಪಾಳಕ್ಕೆ ಯಾತ್ರೆ ಬರಲು ಅನುಮತಿ ಸಿಕ್ಕಿತು. ಅಕ್ಕನ ಕಾಗದಪತ್ರ ಹೊತ್ತಿಗೆ ಸರಿಯಾಗಿ ಆಗಲಿಲ್ಲವಾದ್ದರಿಂದ ಅವರು ಹೋಗುವಂತಿರಲಿಲ್ಲ. ಫೋನಿನಲ್ಲಿ ಆಗಾಗ ದನಿ ಕೇಳಿದ್ದರು. ಮುಖ ನೋಡಿ ಇಪ್ಪತ್ತೈದು ವರ್ಷವಾಗಿತ್ತು. ಕಠ್ಮಂಡುವಿನ ನೆಂಟರೊಬ್ಬರು ಒಂದು ಭಾನುವಾರ ಬೆಳಿಗ್ಗೆ ತಾಯಿಯನ್ನು ಕ್ಯಾಮೆರಾ ಇರುವ ಕಂಪ್ಯೂಟರಿನ ಮುಂದೆ ಕೂರಿಸುವುದಾಗಿ ಹೇಳಿದ್ದರು. ಮಧ್ಯಾಹ್ನ ತಾಯಿ ಊರಿಗೆ ಮರಳುವ ಬಸ್ಸು. ಇದು ನನಗೆ ಆಮೇಲೆ ತಿಳಿದದ್ದು.

ಅದೇ ಭಾನುವಾರ ನಾನು ಎಚ್.ಡಿ. ಕೋಟೆಯ ಹೊಸ ವಿಳಾಸಗಳನ್ನು ಪಟ್ಟಿಗೆ ಸೇರಿಸುತ್ತಿದ್ದೆ. ರಜೆಯ ದಿನ, ಬಳಸುವವರು ಕಡಿಮೆ. ಹಳೆಯ ಪಟ್ಟಿಯನ್ನು ಅಳಿಸಿ ಹೊಸದಾಗಿ ಬರೆದೆ. ಹುಣಸೂರು, ಕೆ.ಆರ್. ನಗರ, ಕೋಟೆ. ಕೋಟೆಯಲ್ಲಿ ನಮ್ಮ ಸಂಪರ್ಕ ನೋಡಿಕೊಳ್ಳುತ್ತಿದ್ದ ಗೆಳೆಯ ಫೋನು ಮಾಡಿ ಇಂಟರ್ನೆಟ್ ಬಂತು ಎಂದ. ನನಗೆ ಖುಷಿಯಾಯಿತು.

ಹತ್ತು ಗಂಟೆಗೆ ಅಕ್ಕನ ಫೋನು ಬಂತು. ಏನೂ ತೆರೆಯುತ್ತಿಲ್ಲ, ತುಂಬ ಅರ್ಜೆಂಟು ಎಂದರು. ನಾನು ಕಚೇರಿಯಿಂದಲೇ ಅವರ ಮಾಡೆಮ್ಮನ್ನು ಪರೀಕ್ಷಿಸಿದೆ. ಸರಿಯಾಗಿ ಉತ್ತರ ಕೊಟ್ಟಿತು. ಕಚೇರಿಯಿಂದ ಅವರ ಮಾಡೆಮ್ಮಿನವರೆಗಿನ ನಮ್ಮದೇ ಒಳದಾರಿಗೆ ಆ ಪಟ್ಟಿ ಬೇಕಾಗಿರಲಿಲ್ಲ. ಅದು ನೆನಪಿಗೆ ಬರಬೇಕಿತ್ತು, ಬರಲಿಲ್ಲ. ನಮ್ಮ ಕಡೆ ಎಲ್ಲ ಸರಿಯಿದೆ, ಕಂಪ್ಯೂಟರ್ ಆರಿಸಿ ಹಚ್ಚಿ ಎಂದೆ. ಮತ್ತೆರಡು ಸಲ ಫೋನು ಮಾಡಿದರು. ಮೂರನೆಯ ಸಲ ನನಗೆ ಬೇಸರ ಬಂದಿತ್ತು.

"ನಿಮ್ ಮಾಡೆಮ್ ಸೇರಿಸಿರೋ ಕಂಪ್ಯೂಟರಿನ ನೆಟ್ ಕಾರ್ಡೇ ಹೋಗಿದೆ ಅಕ್ಕ. ಮೈಸೂರಿಂದ ತರಿಸಬೇಕು. ಇವತ್ತಿಗೆ ಆಗಲ್ಲ," ಎಂದೆ.

ಅವರು ಆಯ್ತು ಎಂದು ಫೋನು ಇಟ್ಟರು.

ಎರಡು ಗಂಟೆಗೆ ಪಿರಿಯಾಪಟ್ಟಣದ ಇನ್ನೊಬ್ಬ ಗಿರಾಕಿಯೂ ಅದೇ ದೂರು ಹೇಳಿದ. ಪಟ್ಟಿ ತೆಗೆದು ನೋಡಿದೆ. ಪಿರಿಯಾಪಟ್ಟಣದ ಸಾಲು ಇರಲಿಲ್ಲ. ಬರೆದು ಸೇರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಯಾರು ಕೇಳಿದರೂ ಮೈಸೂರಿನ ಕಡೆಯ ತೊಂದರೆ ಎಂದು ಹೇಳು ಎಂದರು, ನಾನು ವಿಷಯ ತಿಳಿಸಿದಾಗ ಕಂಪನಿಯ ಮಾಲೀಕರು. ಅಕ್ಕನಿಗೂ ಹಾಗೆಯೇ ಹೇಳಿದೆ; ಕಾರ್ಡು ಹೋಗಿದೆ ಎಂದದ್ದು ನನ್ನ ಊಹೆ ಅಷ್ಟೇ ಎಂದೆ. ಅಕ್ಕ ನಂಬಿದರು. ಮುಂದಿನ ವಾರ ಆ ಕಡೆ ಹೋದಾಗ ಬೆಣ್ಣೆ ಹಚ್ಚಿದ ರೊಟ್ಟಿ ಕೊಟ್ಟು, ತಾಯಿಯ ವಿಷಯವನ್ನೆಲ್ಲ ಹೇಳಿದರು. ಹಣೆಯ ಮೇಲಿನ ಗಾಯದ ಗುರುತು ಇನ್ನೂ ಇದೆಯಾ ಎಂದು ತಾಯಿ ಫೋನಿನಲ್ಲಿ ಕೇಳಿದರಂತೆ. ನಾನು ರೊಟ್ಟಿ ತಿಂದು ಮುಗಿಸಿದೆ. ತಪ್ಪು ನನ್ನದೆಂದು ಆಗಲೂ ಹೇಳಲಿಲ್ಲ.

ಮರುವರ್ಷ ಅವರ ತಾಯಿ ತೀರಿಕೊಂಡರು. ಸುದ್ದಿ ಕೇಳಿ ಬೈಲಕುಪ್ಪೆಗೆ ಹೋದೆ. ಒಳಕೋಣೆಯಲ್ಲಿ ದೀಪಗಳು ಉರಿಯುತ್ತಿದ್ದವು. ಅಲ್ಲೇ ನೆಲದ ಮೇಲೆ ಕೂತು ಹೇಳಿಬಿಟ್ಟೆ. ಆವತ್ತು ತಪ್ಪು ನನ್ನದು, ಪಟ್ಟಿಯಲ್ಲಿ ಒಂದು ಸಾಲು ಬಿಟ್ಟಿದ್ದೆ, ಮೈಸೂರಿನ ಕಡೆ ಏನೂ ಆಗಿರಲಿಲ್ಲ ಎಂದು.

ಅಕ್ಕ ತುಂಬ ಹೊತ್ತು ದೀಪದ ಬತ್ತಿ ಸರಿಮಾಡುತ್ತಿದ್ದರು. ಆಮೇಲೆ ನನ್ನತ್ತ ತಿರುಗದೆ ಹೇಳಿದರು:

"ಆವತ್ತು ಅಮ್ಮಂಗೆ ಇನ್ನೂ ಎರಡು ದಿನ ಪರ್ಮಿಶನ್ ಇತ್ತು ತಮ್ಮ. ಇವತ್ತಿನ ಬಸ್ಸು ಬಿಟ್ಟು ನಾಳೆ ಬಸ್ಸಿಗೆ ಓಯ್ತೀನಿ ಅಂತ ಕುಂತಿದ್ಲು. ಕಾರ್ಡು ಓಗೈತೆ, ಇನ್ನು ಆಗಕಿಲ್ಲ, ನೀನು ಒಂಟೋಗು ಅಂತ ಫೋನಲ್ಲಿ ನಾನೇ ಅಂದೆ."

ಅವರು ಬೈಯಲಿಲ್ಲ. ಏಳುವಾಗ ಚಹಾ ಕುಡಿದು ಹೋಗು ಎಂದರು; ಲೋಟವನ್ನು ಬೇರೆಯವರ ಕೈಯಲ್ಲಿ ಕಳಿಸಿದರು.

ಅವರು ನಮ್ಮ ಸಂಪರ್ಕವನ್ನೇನೂ ಬಿಡಲಿಲ್ಲ. ಇನ್ನೂ ಎರಡು ವರ್ಷ, ಕಂಪನಿ ಮುಚ್ಚುವವರೆಗೂ ಗಿರಾಕಿಯಾಗಿಯೇ ಇದ್ದರು. ತೊಂದರೆಯಾದಾಗ ಕಚೇರಿಗೆ ಫೋನು ಮಾಡುತ್ತಿದ್ದರು. ನಾನು ಎತ್ತಿಕೊಂಡರೆ ದನಿ ಗುರುತು ಹಿಡಿದು, "ಬೇರೆ ಯಾರಾದ್ರೂ ಬಂದ್ಮೇಲೆ ಮಾಡ್ತೀನಿ," ಎಂದು ಮೆಲ್ಲಗೆ ಹೇಳಿ ಇಡುತ್ತಿದ್ದರು.