ಮುಚ್ಚಳ ತೆಗೆದ ಕೈ

ನಮ್ಮ ಹದಿನಾಲ್ಕು ಕೋಳಿಗಳಲ್ಲಿ ಚುಕ್ಕಿ ಕೋಳಿಯೊಂದೇ ರಸ್ತೆ ದಾಟಿ ಎದುರು ಮನೆಗೆ ಹೋಗುತ್ತಿತ್ತು. ಅಲ್ಲಿ ಈಗಲೂ ಸೀರೆ ನೇಯುತ್ತಾರೆ. ನೂಲಿಗೆ ಹಚ್ಚುವ ಗಂಜಿ ಅಂಗಳದಲ್ಲಿ ಚೆಲ್ಲಿದರೆ ಅದಕ್ಕೆ ಹಬ್ಬ. ಒಮ್ಮೆ ಒಣಹಾಕಿದ ನೂಲಿನ ಮೇಲೆಲ್ಲ ಓಡಾಡಿ ಬಂದಿತ್ತು. "ಇನ್ನೊಮ್ಮಿ ಬಂದ್ರ ಸಾರ ಮಾಡಿಬಿಡ್ತೀನಿ ನೋಡ" ಎಂದು ಆ ಮನೆಯಾಕೆ ನಗುತ್ತಲೇ ಹೇಳಿದ್ದಳು. ನಾನೂ ನಕ್ಕಿದ್ದೆ.

ಆ ಕೋಳಿ ಕಾಣೆಯಾದ ಮೂರನೆಯ ದಿನ ಅವಳ ಅಡುಗೆಮನೆಯಿಂದ ಮಸಾಲೆಯ ಘಮ ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಕೈಯಲ್ಲಿದ್ದ ಕಸಬರಿಗೆ ಸಮೇತ ರಸ್ತೆ ದಾಟಿದೆ. ಪಡಸಾಲೆಯಲ್ಲಿ ಅವಳ ಮಗಳನ್ನು ನೋಡಲು ರಾಜೂರಿನಿಂದ ಬಂದವರು ಕೂತಿದ್ದರು. ಕಂಡೂ ನಿಲ್ಲಲಿಲ್ಲ. ಸೀದಾ ಒಲೆಯ ಬಳಿ ಹೋಗಿ, "ನನ್ನ ಕೋಳಿ ಕುದ್ಯಾಕತ್ತೈತೇನು?" ಎಂದು ಕೂಗಿ ಬೋಗುಣಿಯ ಮುಚ್ಚಳ ತೆಗೆದೆ.

ಒಳಗಿದ್ದದ್ದು ಬದನೆಕಾಯಿ ಎಣ್ಣೆಗಾಯಿ.

"ನೋಡಿದಿ? ಇನ್ನ ಮುಚ್ಚು," ಎಂದಳು ಅವಳು.

ಮುಚ್ಚಿ ಬಂದೆ. ತಪ್ಪಾಯಿತು ಎನ್ನಲಿಲ್ಲ. ಹಿಂದಿನ ದಿನವೇ ತಿಂದು ಮುಗಿಸಿರಬೇಕು ಎಂದು ಮನೆಯಲ್ಲಿ ವಾದಿಸಿದೆ, ಓಣಿಯಲ್ಲಿ ಸಿಕ್ಕವರಿಗೂ ಅದನ್ನೇ ಹೇಳಿದೆ. ರಾಜೂರಿನವರು ಸುದ್ದಿ ಕಳಿಸುತ್ತೇವೆ ಎಂದು ಹೋದವರು ಕಳಿಸಲೇ ಇಲ್ಲ.

ಮೂರು ವಾರ ಕಳೆಯುವಷ್ಟರಲ್ಲಿ ನಮ್ಮಲ್ಲಿ ಎಮ್ಮೆಯ ಸಡಗರ. ಇಟಗಿಯಲ್ಲಿ ಒಂದನ್ನು ನೋಡಿ, ಸೋಮವಾರ ತರುವುದೆಂದು ಮಾತಾಗಿತ್ತು. ಅತ್ತೆ ತೀರಿಕೊಂಡ ಮೇಲೆ ಬೀಗ ಹಾಕಿಟ್ಟಿದ್ದ ಮಗ್ಗದ ಕೋಣೆಯೇ ಎಮ್ಮೆಯ ಕೋಣೆ ಆಗಬೇಕಿತ್ತು. ಮಗ್ಗ ಬಿಚ್ಚಿದೆವು. ನೇಯುವವರು ಕಾಲಿಳಿಸಿ ಕೂರುವ ಕುಣಿಗೆ ಮಣ್ಣು ತುಂಬಿ ನೆಲ ಸಮ ಮಾಡುವುದು ಉಳಿದಿತ್ತು. ಬುಧವಾರ ಯಜಮಾನರು ಮೊದಲ ಬುಟ್ಟಿ ಮಣ್ಣು ತಂದರು. ಕುಣಿಯಲ್ಲಿ ಬಿದ್ದಿದ್ದ ಗೋಣಿಚೀಲ ಎತ್ತಲು ಬಗ್ಗಿದೆ. ಏನೋ ಕೈಗೆ ಕುಕ್ಕಿತು. ಚುಕ್ಕಿ ಕೋಳಿ! ಹಿತ್ತಲ ಕಡೆಯ ಒಡೆದ ಕಿಟಕಿಯಿಂದ ಇಳಿದು ಚೀಲದ ಮರೆಯಲ್ಲಿ ಕಾವಿಗೆ ಕೂತಿತ್ತು. ಅದರ ರೆಕ್ಕೆಯಡಿಯಿಂದ ಮರಿಗಳು ಇಣುಕುತ್ತಿದ್ದವು.

"ಈಗಿಂದೀಗ ಹೋಗಿ ಹೇಳಿ ಬಾ," ಎಂದರು ಯಜಮಾನರು.

"ಎಮ್ಮಿ ಬರ್ಲಿ ತಡೀರಿ. ಮನಿಗಿ ಲಕ್ಷ್ಮಿ ಬರೂ ಮುಂದ ಜಗಳ ಬ್ಯಾಡ."

ಲಕ್ಷ್ಮಿಯ ಹೆಸರು ನೆಪಕ್ಕೆ. ಎದುರು ಮನೆಯಾಕೆಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಸೋಮವಾರದವರೆಗೂ ಕೋಳಿಯನ್ನೂ ಮರಿಗಳನ್ನೂ ಬುಟ್ಟಿಯಡಿ ಬಚ್ಚಿಟ್ಟೆ. ಅವು ಚಿಂವ್‌ಗುಟ್ಟಿದಾಗಲೆಲ್ಲ ಪಾತ್ರೆ ಸದ್ದು ಮಾಡುತ್ತಿದ್ದೆ. ನೆನೆಸಿಕೊಂಡರೆ ಈಗಲೂ ಮೈ ಹಿಡಿಯಾಗುತ್ತದೆ.

ಸೋಮವಾರ ಎಮ್ಮೆ ಬಂತು. ಕಾಲಿಗೆ ನೀರು ಹಾಕಿ, ಹಣೆಗೆ ಕುಂಕುಮ ಹಚ್ಚಿ, ರೊಟ್ಟಿ ನಿವಾಳಿಸಿ ಒಳಗೆ ಕರೆದುಕೊಂಡೆ. ಮಂಗಳವಾರ ಎದುರು ಮನೆಗೆ ಹೋದೆ. ಅವಳು ಮಗ್ಗದಲ್ಲಿ ಕೂತಿದ್ದಳು.

"ಕೋಳಿ ಸಿಕ್ಕೈತಿ. ನಮ್ಮ ಕುಣ್ಯಾಗ ಇತ್ತು. ನಂದ ತಪ್ಪಾತು."

ಲಾಳಿ ನಿಂತಿತು. "ಮರಿ ಒದರೂದು ನನಗೂ ಕೇಳಸ್ತೈತಿ. ನನ್ನ ಮುಂದ ಹೇಳಿ ಏನ ಮಾಡ್ತಿ? ನಾ ತಿಂದಿಲ್ಲಂತ ನನಗ ಗೊತ್ತೈತಿ. ರಾಜೂರಿಗಿ ಹೋಗಿ ಅವರ ಮುಂದ ಹೇಳು."

ಮರುದಿನವೇ ಬಸ್ಸು ಹತ್ತಿದೆ. ಹುಡುಗನ ತಾಯಿ ಚಹಾ ಕೊಟ್ಟು, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. "ಹುಡಿಗಿ ಭಾಳ ಮನಸ್ಸಿಗೆ ಬಂದಿದ್ಲ್ರಿ. ಕಳ್ಳತನದ ಮಾತು ಬಂದ ಮನಿ ಅಂತ ಹಿಂದ ಮುಂದ ನೋಡಿದ್ವಿ. ಮೊನ್ನಿ ಸೋಮವಾರ ಬ್ಯಾರೆ ಕಡೆ ಮಾತ ಮುಗಿಸೇವಿ. ನಾಕ ದಿನ ಮೊದಲ ಬಂದಿದ್ರ..." ಎಂದು ಖಾಲಿ ಕಪ್ಪು ಎತ್ತಿಕೊಂಡರು.

ಸೋಮವಾರ ನಾನು ಎಮ್ಮೆಗೆ ಕುಂಕುಮ ಹಚ್ಚುತ್ತಿದ್ದೆ.

ಸಂಜೆ ಮರಳಿದಾಗ ಎದುರು ಮನೆಯಾಕೆ ನಮ್ಮ ಬಾಗಿಲಲ್ಲೇ ನಿಂತಿದ್ದಳು. ಎಮ್ಮೆ ಬಂದರೆ ಉಳಿದ ಗಂಜಿ ಕೊಡುತ್ತೇನೆಂದು ಜಗಳಕ್ಕೆ ಮೊದಲು ಎಂದೋ ಹೇಳಿದ್ದಳು, ನಾನು ಮರೆತೇಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. ಅದೇ ಬೋಗುಣಿಯಲ್ಲಿ ತಂದಿದ್ದಳು, ಅದೇ ಮುಚ್ಚಳ ಮುಚ್ಚಿ.

"ಏನಂದ್ರು?"

ಅವಳ ಮುಖದಲ್ಲಿ ಅಷ್ಟೊಂದು ಆಸೆಯಿತ್ತು. "ಮನ್ಯಾಗ ಯಾರೂ ಇರ್ಲಿಲ್ಲ," ಎಂದೆ.

"ಹಂಗಾದ್ರ ನಾಳಿ ಇನ್ನೊಮ್ಮಿ ಹೋಗಿ ಬಾ," ಎಂದು ಬೋಗುಣಿಯನ್ನು ನನ್ನ ಕೈಗಿಟ್ಟು ಹೋದಳು. ಗಂಜಿ ಇನ್ನೂ ಬೆಚ್ಚಗಿತ್ತು. ಮುಚ್ಚಳ ತೆಗೆಯಲು ನನಗೆ ಕೈ ಏಳಲಿಲ್ಲ. ಯಜಮಾನರೇ ತೆಗೆದು ಎಮ್ಮೆಗೆ ಸುರಿದರು.