ಕಪ್ಪಾದ ಕೇರೆ

ನಮ್ಮ ಮನೆಯ ಫ್ರೀಜರಿನಲ್ಲಿ ಬಂಗುಡೆಯ ಪಕ್ಕದಲ್ಲೇ ಇನ್ನೊಂದು ಡಬ್ಬಿ ಇರುತ್ತದೆ. ಅದರೊಳಗೆ ಹಾವಿಗೆ ಹಾಕುವ ಇಲಿಮರಿಗಳು. ಮಗಳ ಹದಿಮೂರನೆಯ ಹುಟ್ಟುಹಬ್ಬಕ್ಕೆ ಇವರು ಅವಳಿಗೊಂದು ಹಾವಿನ ಮರಿ ಕೊಡಿಸಿದರು. ಗಲ್ಫಿಗೆ ಬಂದು ರಾಸ್ ಅಲ್ ಖೋರಿನ ವರ್ಕ್‌ಶಾಪಿನಲ್ಲಿ ದಿನವಿಡೀ ಕೂಗಾಡುವ ಈ ಮನುಷ್ಯನಿಗೆ ಮಗಳ ಎದುರು ಮಾತ್ರ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಇಲ್ಲ ಅನ್ನುವ ಕೆಲಸವೆಲ್ಲ ನನ್ನ ತಲೆಗೇ.

ವಿಷವಿಲ್ಲದ ಹಾವು. ನಮ್ಮೂರ ಗದ್ದೆಯ ಕೇರೆಗೆ ದೂರದ ನೆಂಟ, ಅಮೆರಿಕದ್ದು. ತಂದಾಗ ಪೆನ್ಸಿಲಿನಷ್ಟು ದಪ್ಪ, ಬೂದು ಮೈ, ಅದರ ಮೇಲೆ ಕಂದು ಮಚ್ಚೆಗಳು. ಅದನ್ನು ಮಾರಿದ ನೈಫ್ ಪೇಟೆಯ ಅಂಗಡಿಯವರು ನಮ್ಮ ಕಡೆಯವರೇ, ಬ್ಯಾರಿ. "ಮರಿಯಲ್ಲಿ ಹೀಗೆ ಅಕ್ಕ, ದೊಡ್ಡದಾದ ಹಾಗೆ ಕಪ್ಪಾಗ್ತದೆ. ಇದರಲ್ಲೇ ಕೆಲವು ಹುಟ್ಟುವಾಗಲೇ ಪೂರ್ತಿ ಬಿಳಿ ಇರ್ತದೆ, ಅದು ಬಿಳಿಯೇ ಉಳೀತದೆ" ಎಂದಿದ್ದರು. ನಾನು ಸುಮ್ಮನೆ ತಲೆಯಾಡಿಸಿದ್ದೆ.

ಊದ್ ಮೇಥಾದ ನಮ್ಮ ಫ್ಲ್ಯಾಟಿಗೆ ಊರಿನವರು ಯಾರೇ ಬರಲಿ, ನಾನು ಮೊದಲು ಆ ಗಾಜಿನ ಪೆಟ್ಟಿಗೆಯ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸುತ್ತಿದ್ದೆ. ತುಳುನಾಡಿನವರಿಗೆ ಹಾವೆಂದರೆ ಆಟದ ವಸ್ತುವೇ? "ಹಾವನ್ನು ಪೆಟ್ಟಿಗೆಯಲ್ಲಿ ಹಾಕಿ ಸಾಕುವುದಾ ಮಾರಾಯ್ತಿ? ನಿಮಗೆ ಬೇರೆ ಎಂತದ್ದೂ ಸಿಗ್ಲಿಲ್ವಾ?" ಎಂದು ನಾದಿನಿ ಫೋನಿನಲ್ಲೇ ಬೈದಳು. ಇದು ನಾಗ ಅಲ್ಲ, ಕೇರೆ, ಕೇರೆಗೆ ಯಾರೂ ಕೈ ಮುಗಿಯುವುದಿಲ್ಲ ಎಂದು ಎಷ್ಟು ಹೇಳಿದರೂ ಮರ್ಯಾದೆ ಹೋದದ್ದು ಹೋದದ್ದೇ.

ಪೊರೆ ಬಿಡುವ ಮೊದಲು ಅದರ ಕಣ್ಣು ಮಂಜಾಗುತ್ತಿತ್ತು. ಪೊರೆ ಕಳಚಿದ ಮೇಲೆ ನೋಡಿದರೆ ಮೈ ಹಿಂದಿನ ಸಲಕ್ಕಿಂತ ಕಪ್ಪು. ಎರಡು ವರ್ಷದಲ್ಲಿ ಮಚ್ಚೆಗಳು ಹುಡುಕಿದರೂ ಕಾಣದಾದವು. ಮಗಳಿಗೆ ಅದೇ ಸಂಭ್ರಮ. "ಲುಕ್ ಅಮ್ಮ, ಶಿ ಈಸ್ ಸೋ ಶೈನಿ" ಎಂದು ಕೈಗೆ ಸುತ್ತಿಕೊಂಡು ಬಂದು ಅದರ ಗಲ್ಲ ಎತ್ತಿ ತೋರಿಸುತ್ತಿದ್ದಳು. ಗಲ್ಲ ಮಾತ್ರ ಬಿಳಿ. ನಾನು ಒಲೆಯ ಕಡೆ ತಿರುಗಿ, ಆಯ್ತು, ಒಳಗಿಡು ಅನ್ನುತ್ತಿದ್ದೆ.

ಇನ್ನೊಂದು ವಿಷಯ ಹೇಳದಿದ್ದರೆ ನನ್ನ ಮಾತಿಗೆ ಅರ್ಥವಿಲ್ಲ. ಮಗಳದು ನನ್ನ ಬಣ್ಣ. "ಹುಟ್ಟುವಾಗ ಎಷ್ಟು ಬೆಳ್ಳಗಿದ್ದಳು" ಎಂದು ನನ್ನಮ್ಮ ಈಗಲೂ ವೀಡಿಯೊ ಕಾಲಿನಲ್ಲಿ ನಿಟ್ಟುಸಿರು ಬಿಡುತ್ತಾಳೆ. ಶನಿವಾರ ಬಂತೆಂದರೆ ನಮ್ಮಲ್ಲಿ ಜಗಳ. ನಾನು ಕಡಲೆಹಿಟ್ಟಿಗೆ ಮೊಸರು, ಅರಿಶಿನ ಕಲಸಿಕೊಂಡು ಅವಳ ಹಿಂದೆ, ಅವಳು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಳಗೆ. "ಐ ಆಮ್ ಫೈನ್ ಅಮ್ಮ, ಲೀವ್ ಇಟ್" ಎಂಬ ಉತ್ತರ. ನನ್ನ ಮುಖಕ್ಕೂ ಅಮ್ಮ ಮದುವೆಯ ದಿನದವರೆಗೆ ಇದನ್ನೇ ಹಚ್ಚಿದ್ದಳು. ಏನಾಯಿತು? ಮಣ್ಣಾಯಿತು. ಕಪ್ಪಾಗಿಯೇ ವಿಮಾನ ಹತ್ತಿದೆ. ಆದರೂ ಬುದ್ಧಿ ಬರಬೇಕಲ್ಲ.

ನಾಗರಪಂಚಮಿ ಹತ್ತಿರ ಬಂದಿತ್ತು. ಶಾಲೆಗೆ ರಜೆ, ಮಗಳು ಅಬುಧಾಬಿಯ ಚಿಕ್ಕಪ್ಪನ ಮನೆಗೆ ಹೋಗಿದ್ದಳು. ಇಲಿಮರಿ ತರಲು ನೈಫಿಗೆ ಹೋದವಳು ಅಂಗಡಿಯಲ್ಲಿ ಅವರು ಹಿಂದೆ ಹೇಳಿದ್ದ ಬಿಳಿಯದನ್ನು ನೋಡಿದೆ. ಅದೇ ಜಾತಿ, ಹಾಲಿನಂಥ ಮೈ. ಮನೆಯಲ್ಲಿ ಹಾವು ಇರಲೇಬೇಕಾದರೆ ನಾಲ್ಕು ಜನರಿಗೆ ತೋರಿಸುವಂಥದ್ದಾದರೂ ಇರಲಿ ಅನ್ನಿಸಿತು. ಮರುದಿನವೇ ಕಪ್ಪು ಹಾವನ್ನು ದಿಂಬಿನ ಕವರಿಗೆ ಇಳಿಸಿ, ಬಾಯಿ ಕಟ್ಟಿ, ಟ್ಯಾಕ್ಸಿಯಲ್ಲಿ ಕೊಂಡೊಯ್ದು ಬದಲಾಯಿಸಿಕೊಂಡೆ. "ಮಗಳಿಗೆ ಹೇಳಿದ್ದೀರಲ್ಲ ಅಕ್ಕ?" ಎಂದು ಅಂಗಡಿಯವರು ಕೇಳಿದರು. ಹೇಳಿದ್ದೇನೆ ಎಂದೆ.

ರಾತ್ರಿ ಇವರು ಪೆಟ್ಟಿಗೆ ನೋಡಿ ಊಟಕ್ಕೆ ಕೂತರು. ಮಗಳು ಬಂದವಳು ಚಪ್ಪಲಿ ಬಿಚ್ಚದೆ ಪೆಟ್ಟಿಗೆಯ ಹತ್ತಿರ ಹೋದಳು. ಬೊಬ್ಬೆ ಹಾಕುತ್ತಾಳೆ ಎಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ಮೆಲ್ಲಗೆ ಕೇಳಿದಳು, "ಅವಳು ಎಂತ ಮಾಡಿದ್ಲು ಅಮ್ಮ?"

"ಎಂತ ಮಾಡ್ಲಿಲ್ಲ. ಇದು ಚಂದ ಉಂಟಲ್ಲ" ಎಂದೆ.

ಪಂಚಮಿಯ ದಿನ ನಾನೇ ಬೆಡ್‌ಶೀಟ್ ತೆಗೆದಿಟ್ಟೆ. ಊರಿಗೆ ಹೋಗಿ ನಾಗಬನದಲ್ಲಿ ಹಾಲು, ಎಳನೀರಿನ ತನು ಎರೆಯಲಾಗದ ನಮ್ಮ ಬಿಲ್ಡಿಂಗಿನ ಹೆಂಗಸರೆಲ್ಲ ಬಂದರು. ಒಬ್ಬರು ಎಳನೀರನ್ನೇ ತಂದಿದ್ದರು. ಕಪ್ಪಾಗಿದ್ದಾಗ ಬರೀ ಕೇರೆಯಾಗಿದ್ದುದು ಬಿಳಿಯಾದ ಕೂಡಲೇ ಕೈಮುಗಿಸಿಕೊಂಡಿತು. ನನಗೂ ಜಂಬ ತಲೆಗೇರಿತ್ತು, ಸುಳ್ಳೇಕೆ. "ಮೊದಲಿನದ್ದು ಎಂತಾಯ್ತು?" ಎಂದು ಎಳನೀರಿನವರು ಕೇಳಿದರು.

"ಕೊಟ್ಟುಬಿಟ್ಟೆ. ಮರಿಯಲ್ಲಿ ಚಂದ ಇತ್ತು, ಬೆಳೆದ ಹಾಗೆ ಕಪ್ಪಾಗಿ ಹೋಯ್ತು. ಎಂತ ಮಾಡುವುದು ಹೇಳಿ."

ಹೇಳಿ ಮುಗಿಸುವಾಗ ಅದು ನನ್ನಮ್ಮನ ದನಿ ಎಂದು ಗೊತ್ತಾಯಿತು. ಅದೇ ರಾಗ, ಕೊನೆಯಲ್ಲಿ ಅದೇ ನಿಟ್ಟುಸಿರು. ಮಗಳು ಅರಿಶಿನ ಎಲೆಯಲ್ಲಿ ಬೇಯಿಸಿದ ಸಿಹಿ ಗಟ್ಟಿಯ ತಟ್ಟೆ ಹಿಡಿದು ನನ್ನ ಪಕ್ಕದಲ್ಲೇ ನಿಂತಿದ್ದಳು. ಎಲ್ಲರಿಗೂ ಒಂದೊಂದು ಕೊಟ್ಟು ಒಳಗೆ ಹೋದಳು. ನಾನು ನಾಚಿಕೆಯಿಂದ ಅವಳ ಹಿಂದೆ ಹೋಗಲಿಲ್ಲ. ಬಂದವರಿಗೆ ಚಹಾ ಮಾಡಿದೆ.

ಆ ಶನಿವಾರ ಕೈ ರೂಢಿಯಂತೆ ಕಡಲೆಹಿಟ್ಟು ಕಲಸುತ್ತಿತ್ತು. ಮಗಳು ತಾನಾಗಿಯೇ ಬಂದಳು. ಕೂದಲನ್ನು ಹಿಂದಕ್ಕೆ ಎತ್ತಿ ಬ್ಯಾಂಡ್ ಹಾಕಿಕೊಂಡಿದ್ದಳು. ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿ, "ಹಚ್ಚು ಅಮ್ಮ" ಎಂದಳು. ಇಂಗ್ಲಿಷಿನಲ್ಲಿ ಅಲ್ಲ.

ನನ್ನ ಕೈ ಮೇಲೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಅಂಗಡಿಗೆ ಫೋನ್ ಮಾಡಿ, ನಮ್ಮ ಕಪ್ಪು ಹಾವನ್ನು ವಾಪಸ್ ಕೊಡಿ, ಈಗಲೇ ಬರುತ್ತೇನೆ ಎಂದೆ. "ಅದು ಅಬುಧಾಬಿಗೆ ಹೋಯ್ತಲ್ಲ ಅಕ್ಕ. ಯಾರೋ ಬಂದು ಕಪ್ಪೇ ಬೇಕು ಎಂದು ಕೇಳಿ ತಗೊಂಡು ಹೋದ್ರು. ಖಲಾಸ್" ಎಂದರು.

ಫೋನ್ ಇಟ್ಟು ತಿರುಗಿದೆ. ಮಗಳು ಹಾಗೆಯೇ ಕೂತಿದ್ದಳು. ಬೇಡ ಮಗಾ, ಏಳು ಎಂದೆ. ಅವಳು ಏಳಲಿಲ್ಲ. ಕಣ್ಣು ತೆರೆಯದೆ ಗಲ್ಲ ಇನ್ನಷ್ಟು ಮೇಲಕ್ಕೆತ್ತಿದಳು.

"ಕುತ್ತಿಗೆಗೂ ಹಚ್ಚು" ಎಂದಳು.